ಕರಿಯನ ನರೆ ಅಳಿಸಬೇಡಿ ಸ್ವಾಮಿ!

ಹೋದ ತಿಂಗಳು ಹೊಸಪೇಟೆಯ ಒಂದು ಫೋಟೋ ಸ್ಟುಡಿಯೋದಲ್ಲಿ ಜಗಳ ಆಡಿಕೊಂಡು ಬಂದೆ. (ಯಾವುದು ಅಂತ ಕೇಳಬೇಡಿ, ನನ್ನ ಮದುವೆ ಆಲ್ಬಮ್ ಮಾಡಿಕೊಟ್ಟವರೂ ಅವರೇ.) ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಈ ಬರಹ.

ನಮ್ಮನೆ ನಾಯಿ ಕರಿಯನಿಗೆ ಹದಿನಾಲ್ಕು ದಾಟಿದೆ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತಲ್ಲ, ಆಗ ಸಂಡೂರಿನ ರಸ್ತೆ ಬದಿಯಲ್ಲಿ ಕೆಲಸವಿಲ್ಲದೆ ನಿಂತಿದ್ದ ಲಾರಿಯೊಂದರ ಕೆಳಗಿಂದ ಅಪ್ಪ ಎತ್ತಿಕೊಂಡು ಬಂದ ಮರಿ ಅದು. ಎರಡು ಸಲ ಸ್ನಾನ ಮಾಡಿಸಿದ ಮೇಲೇ ಅದು ಕೆಂಪು ನಾಯಿಯಲ್ಲ, ಕರಿ ನಾಯಿ ಅಂತ ಗೊತ್ತಾಗಿದ್ದು! ಈಗ ಹೆಸರಿಗಷ್ಟೇ ಕರಿಯ. ಮೂತಿ, ಹುಬ್ಬು ಎಲ್ಲ ಬೆಳ್ಳಗಾಗಿದೆ, ಕಣ್ಣಿಗೆ ನೀಲಿ ಮಬ್ಬು ಕವಿದಿದೆ. ಅಪ್ಪ ತೀರಿಕೊಂಡು ಮೂರು ವರ್ಷ ಆಯ್ತು, ಈಗಲೂ ಸಂಜೆ ಆದರೆ ಗೇಟಿನ ಹತ್ತಿರ ಹೋಗಿ ಕೂರುತ್ತದೆ.

ಅಪ್ಪ ಮತ್ತು ಕರಿಯ ಜತೆಗಿರುವ ಫೋಟೋ ನಮ್ಮಲ್ಲಿ ಒಂದೇ ಒಂದೂ ಇಲ್ಲ. ಕ್ಯಾಮೆರಾ ಹೊರಗೆ ಬಂದಾಗಲೆಲ್ಲ "ಮೊದ್ಲು ಆ ನಾಯೀನ ಹೊರಗ ಹಾಕ್ರಿ" ಅಂದವರು ನಾವೇ.

ಕರಿಯನದ್ದಾದರೂ ಒಂದು ಗೋಡೆ ಮೇಲಿರಲಿ ಅಂತ, ಕಟ್ಟೆ ಮೇಲೆ ಮಲಗಿದ್ದಾಗ ತೆಗೆದ ಫೋಟೋವನ್ನು ಪ್ರಿಂಟಿಗೆ ಕೊಟ್ಟೆ. ಎರಡು ದಿನ ಬಿಟ್ಟು ಹೋದರೆ ಕೈಗೆ ಬಂದದ್ದು ಬೇರೆ ಯಾವುದೋ ನಾಯಿ! ಮೂತಿಗೆ ಕಪ್ಪು ಬಳಿದಿದ್ದಾರೆ, ಕಣ್ಣಿಗೆ ಹೊಳಪು ಕೊಟ್ಟಿದ್ದಾರೆ, ನಮ್ಮ ಕಟ್ಟೆ ಮಾಯವಾಗಿ ಹಿಂದೆ ಹಂಪಿಯ ಕಲ್ಲಿನ ರಥ ಬಂದು ನಿಂತಿದೆ. "ಭಾಳ ವಯಸ್ಸಾದಂಗ ಕಾಣ್ತಿತ್ತು ಸಾರ್, ಅದಕ್ಕ ಸರಿ ಮಾಡೀವಿ" ಅಂದ ಹುಡುಗ. ವಯಸ್ಸಾಗಿದೆ ಮಾರಾಯ, ಅದಕ್ಕೇ ಫೋಟೋ!

ಅವನು ಅಂಟಿಸಿದ ರಥದ್ದೇ ಕಥೆ ಕೇಳಿ. 50ರ ಹೊಸ ನೋಟಿನ ಹಿಂದೆ ಇರುವ ಅದೇ ರಥ. ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದ. ಅವನ ಚಿತ್ರದಲ್ಲಿ ಈ ರಥದ ತಲೆ ಮೇಲೆ ಇಟ್ಟಿಗೆಯ ಶಿಖರ ಇದೆ. ಈಗ ಹೋಗಿ ನೋಡಿ, ಇಲ್ಲ. ಆ ಪುಣ್ಯಾತ್ಮ ಪಾಳು ಬಿದ್ದದ್ದನ್ನು ಪಾಳು ಬಿದ್ದ ಹಾಗೇ ತೆಗೆದಿದ್ದಕ್ಕೆ ಅಲ್ಲವೇ ನಮಗೆ ಆ ಶಿಖರ ಗೊತ್ತಿರುವುದು? ಇವರ ಕೈಗೆ ಸಿಕ್ಕಿದ್ದರೆ ಅದಕ್ಕೂ ಸುಣ್ಣ ಬಳಿದು ಕೊಡುತ್ತಿದ್ದರು.

ಇನ್ನು ಕಂಪ್ಲಿಯ ನಮ್ಮ ಮಾವ. "ನಾಯಿಗ್ಯಾಕಪ್ಪ ಫ್ರೇಮು, ಮಂದಿ ನಗ್ತಾರ" ಅಂತ ಅವರ ವಾದ. ಮಾವ, ಕ್ರಿ.ಶ. 950ರ ಹೊತ್ತಿಗೇ ಮಂಡ್ಯ ಕಡೆಯ ಆತಕೂರಿನಲ್ಲಿ ನಾಯಿಗೆ ಕಲ್ಲು ನಿಲ್ಲಿಸಿದ್ದಾರೆ! ರಾಷ್ಟ್ರಕೂಟರ ಮೂರನೇ ಕೃಷ್ಣನಿಂದ ಮಣಲೇರ ಎಂಬ ವೀರ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಅದು ಕಾಡುಹಂದಿಯ ಜತೆ ಕಾದಾಡಿ, ಎರಡೂ ಸತ್ತವು. ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಗೊರವ ಊಟ ಮಾಡುವಂತಿಲ್ಲ ಅಂತ ಶಾಸನದಲ್ಲೇ ಕಟ್ಟಳೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂಗೆ ಸೇರಿದೆ. ಅದರಲ್ಲಿ ಕಾಳಿಯನ್ನು ಹಾರ ಹಾಕಿ ಕೂರಿಸಿಲ್ಲ, ಹಂದಿಯ ಎದುರು ಬಿದ್ದ ಹಾಗೇ ಕೆತ್ತಿದ್ದಾರೆ. ನಮ್ಮ ಕರಿಯ ಹಂದಿಯಿರಲಿ, ಬೆಕ್ಕಿಗೂ ದಾರಿ ಬಿಡುತ್ತಾನೆ. ಅವನ ಶೌರ್ಯ ಏನಿದ್ದರೂ ಗೇಟಿನ ಹತ್ತಿರ ಕೂರುವುದರಲ್ಲೇ.

ಬ್ಲಾಗು ಬರೆಯುವ ನಾವೇನು ಕಡಿಮೆಯೇ? ಮರಿ ಬಂದಾಗ ವಾರಕ್ಕೆ ಹತ್ತು ಫೋಟೋ, ಐವತ್ತು ಕಾಮೆಂಟು. ಮುದಿಯಾದ ಮೇಲೆ ಸುದ್ದಿಯೇ ಇಲ್ಲ. ಸತ್ತ ದಿನ ಒಂದು ದುಃಖದ ಪೋಸ್ಟು, ಅದಕ್ಕೂ ಮರಿಯಾಗಿದ್ದಾಗಿನದೇ ಫೋಟೋ! ನಡುವಿನ ಹತ್ತು ವರ್ಷ ಅದು ಎಲ್ಲಿ ಹೋಗಿತ್ತು ಸ್ವಾಮಿ?

ಹಾಗಾಗಿ ಇವತ್ತೇ ತೆಗೆಯಿರಿ. ನಿಂತು ಮೇಲಿಂದ ತೆಗೆಯಬೇಡಿ, ನೆಲದ ಮೇಲೆ ಕೂತುಕೊಳ್ಳಿ. ಫ್ಲಾಶ್ ಬೇಡ, ಕಣ್ಣು ಬಲ್ಬಿನಂತೆ ಹೊಳೆದು ನಿಜವಾದ ನೋಟ ಹೋಗುತ್ತದೆ. ಕರಿ ನಾಯಿಯಾದರೆ ಬೆಳಗಿನ ಎಳೆ ಬಿಸಿಲು ಅದರ ಮುಖಕ್ಕೆ ಬೀಳಲಿ, ಬೆನ್ನ ಹಿಂದಿಂದ ಬಂದರೆ ಬರೀ ಕಪ್ಪು ಮುದ್ದೆ. ಎದ್ದು ನಿಲ್ಲು, ಕಿವಿ ನಿಮಿರಿಸು ಅಂತ ಪೀಡಿಸಬೇಡಿ, ಕೀಲು ನೋಯುತ್ತಿರುತ್ತವೆ. ಹರಿದ ಗೋಣಿಚೀಲದ ಮೇಲೆ ಮಲಗುತ್ತದಾ, ಗೋಣಿಚೀಲವೂ ಬರಲಿ. ಮನೆಯವರೂ ಪಕ್ಕದಲ್ಲಿ ಇರಲಿ, ದಯವಿಟ್ಟು. ಆಮೇಲೆ ಪ್ರಿಂಟ್ ಹಾಕಿಸಿ, ಹಿಂದೆ ಪೆನ್ಸಿಲ್ಲಿನಲ್ಲಿ ತಾರೀಖು ಬರೆದಿಡಿ. ಆರ್ಕುಟ್ 2014ರಲ್ಲಿ ಬಾಗಿಲು ಮುಚ್ಚಿದ್ದು ನಮಗೆಲ್ಲ ನೆನಪಿದೆ ತಾನೆ?

ಅಮ್ಮನದು ಬೇರೆಯೇ ತಕರಾರಿತ್ತು. "ಮುದಿ ಜೀವದ ಫೋಟೋ ತೆಗಿಬ್ಯಾಡಪ್ಪ, ಆಯುಷ್ಯ ಕಮ್ಮಿ ಆಗ್ತೈತಿ." ಅದಕ್ಕೆ ಎದುರು ಮಾತಾಡಲಿಲ್ಲ. ಬೇರೆ ಕಡೆ, ಇದ್ದದ್ದು ಇದ್ದ ಹಾಗೇ ಪ್ರಿಂಟ್ ಹಾಕಿಸಿ ಅಪ್ಪನ ಫೋಟೋದ ಕೆಳಗೆ ಮೊಳೆ ಹೊಡೆದೆ. ಬೆಳಿಗ್ಗೆ ಅಪ್ಪನ ಫೋಟೋ ಒರೆಸುವಾಗ ಅಮ್ಮ ಈಗ ಅದನ್ನೂ ಒರೆಸುತ್ತಾರೆ.

ಕಪ್ಪು ಬಳಿದ ಪ್ರಿಂಟು ಸ್ಟುಡಿಯೋದಲ್ಲೇ ಬಿಟ್ಟು ಬಂದೆ. ದುಡ್ಡು ವಾಪಸ್ ಕೊಡಲಿಲ್ಲ.