ಹೊಸ ಸಿಪ್ಪೆ ಸಾಕು, ಬಾವಿಯ ನೀರು ಅಳೆಯಲಿ

ಹಣ್ಣಿನ ಸಿಪ್ಪೆಯನ್ನು ಒಣಗಿಸಿ ಪುಡಿಮಾಡಿ, ನೀರು ಬೆರೆಸಿ, ಟೆಫ್ಲಾನ್ ಒಳಪದರವಿರುವ ಉಕ್ಕಿನ ಪಾತ್ರೆಯಲ್ಲಿ ಬಿಗಿಯಾಗಿ ಮುಚ್ಚಿ ಸುಮಾರು 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವು ಗಂಟೆ ಇಟ್ಟರೆ ಕಂದು ದ್ರಾವಣವೊಂದು ಸಿಗುತ್ತದೆ. ಸೋಸಿ ಅತಿನೇರಳೆ ದೀಪದಡಿ ಹಿಡಿದರೆ ಅದು ನೀಲಿಯಾಗಿ ಹೊಳೆಯುತ್ತದೆ. ಅದರಲ್ಲಿರುವುದು ಸಾಮಾನ್ಯವಾಗಿ 10 ನ್ಯಾನೊಮೀಟರಿಗಿಂತ ಚಿಕ್ಕದಾದ ಇಂಗಾಲದ ಕಣಗಳು. ಹೆಸರು ಕಾರ್ಬನ್ ಡಾಟ್. 2004ರಲ್ಲಿ ಅಮೆರಿಕದ ಸಂಶೋಧಕರು ಇಂಗಾಲದ ನ್ಯಾನೊಕೊಳವೆಗಳನ್ನು ಶುದ್ಧೀಕರಿಸುವಾಗ ಇವು ಆಕಸ್ಮಿಕವಾಗಿ ಕಣ್ಣಿಗೆ ಬಿದ್ದವು. 2012ರಲ್ಲಿ ಚಕ್ಕೋತದ ಸಿಪ್ಪೆಯಿಂದ ಮಾಡಿದ ಕಣಗಳು ನೀರಿನ ಪಾದರಸವನ್ನು ಪತ್ತೆಹಚ್ಚಿದ ವರದಿ ಬಂತು. ಆಮೇಲೆ ಒಂದೊಂದು ಎಲೆ, ಹೊಟ್ಟು, ಸಿಪ್ಪೆಗೂ ಒಂದೊಂದು ಪ್ರಬಂಧ ಬರುತ್ತಲೇ ಇದೆ. ಈ ಓಟ ಈಗ ದಿಕ್ಕು ಬದಲಿಸಬೇಕು. ಸಂಶೋಧನೆಗೆ ಹಣ ಕೊಡುವವರು ಹೊಸ ಕಚ್ಚಾವಸ್ತುವಿಗಿಂತ, ಜನರ ಕೈಗೆ ತಲುಪುವ ನಂಬಲರ್ಹ ಪರೀಕ್ಷೆಗೆ ಆದ್ಯತೆ ಕೊಡಬೇಕು.

ಇಂಥ ಪರೀಕ್ಷೆಯಿಂದ ನಮಗೇನು ಲಾಭ ಎಂಬುದಕ್ಕೆ ಕೋಲಾರ, ತುಮಕೂರು ಜಿಲ್ಲೆಗಳ ಕೊಳವೆಬಾವಿಗಳೇ ಉತ್ತರ. ಅಲ್ಲಿ ಹಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು, ಬೇರೆ ಮೂಲವಿಲ್ಲದಾಗ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಕಾರ್ಬನ್ ಡಾಟ್‌ಗಳಿಗೆ ತಕ್ಕ ಲೋಹದ ಅಯಾನು ಸೇರಿಸಿದರೆ ಹೊಳಪು ಕುಗ್ಗುತ್ತದೆ. ಫ್ಲೋರೈಡ್ ಆ ಲೋಹವನ್ನು ತನ್ನತ್ತ ಸೆಳೆದುಕೊಂಡಾಗ ಹೊಳಪು ಮರಳುತ್ತದೆ. ಎಷ್ಟು ಮರಳಿತು ಎಂಬುದನ್ನು ಅಳೆದರೆ ಫ್ಲೋರೈಡಿನ ಪ್ರಮಾಣ ತಿಳಿಯುತ್ತದೆ. ಆದರೆ ಶುದ್ಧ ನೀರಿನಲ್ಲಿ ಗೆದ್ದ ವಿಧಾನ, ಸುಣ್ಣ, ಕಬ್ಬಿಣ, ಫಾಸ್ಫೇಟ್ ಬೆರೆತ ಬಾವಿನೀರಿನಲ್ಲಿ ಸೋಲಬಹುದು. ನಿಜವಾದ ಕೆಲಸ ಇರುವುದು ಅಲ್ಲಿ.

ಕಾಫಿ ಸಿಪ್ಪೆ, ಅಡಿಕೆ ಸಿಪ್ಪೆ ರಾಶಿ ಬಿದ್ದಿರುವಾಗ ಇದು ಕಸಕ್ಕೂ ಪರಿಹಾರವಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ತೋಟದಲ್ಲಿ ಕಸ ಟನ್ನುಗಟ್ಟಲೆ ಬೀಳುತ್ತದೆ, ಪ್ರಯೋಗಕ್ಕೆ ಬೇಕಾದದ್ದು ಕೆಲವೇ ಗ್ರಾಂ. ಕಸಕ್ಕೆ ಗೊಬ್ಬರದ ಗುಂಡಿಯೇ ಸೂಕ್ತ. ಮೇಲಾಗಿ ತಳಿ, ಮಣ್ಣು, ಕೊಯ್ಲಿನ ಕಾಲ ಬದಲಾದರೆ ಸಿಪ್ಪೆಯ ರಾಸಾಯನಿಕ ಸಂಯೋಜನೆ ಬದಲಾಗುತ್ತದೆ, ಕಣದ ಹೊಳಪೂ ಬದಲಾಗುತ್ತದೆ. ಸರಿಯಾಗಿ ಶುದ್ಧೀಕರಿಸದಿದ್ದರೆ ಹೊಳೆಯುತ್ತಿರುವುದು ಕಣವೋ, ಜೊತೆಗೆ ಉಳಿದ ಚಿಕ್ಕ ಅಣುಗಳೋ ಎಂದು ಹೇಳುವುದೇ ಕಷ್ಟ. ಇನ್ನು ದೇಹದ ಚಿತ್ರಣಕ್ಕೆ ಬಳಸುವ ಆಸೆ. ಕ್ಯಾಡ್ಮಿಯಂ ಇರುವ, ಕ್ವಾಂಟಂ ಡಾಟ್ ಎಂಬ ಹೊಳೆಯುವ ಕಣಗಳಿಗೆ ಹೋಲಿಸಿದರೆ ಇವು ಸೌಮ್ಯ, ನಿಜ. ಆದರೆ ನೀಲಿ ಬೆಳಕು ಅಂಗಾಂಶದೊಳಗೆ ಆಳಕ್ಕೆ ಇಳಿಯುವುದಿಲ್ಲ, ಮತ್ತು ತಟ್ಟೆಯಲ್ಲಿ ಬೆಳೆಸಿದ ಜೀವಕೋಶ ಬದುಕುಳಿದ ಮಾತ್ರಕ್ಕೆ ಮನುಷ್ಯನಿಗೆ ಸುರಕ್ಷಿತ ಎನ್ನಲಾಗದು.

ಹೊಸ ಮೂಲಗಳನ್ನು ಹುಡುಕುವುದೂ ಮೂಲವಿಜ್ಞಾನವೇ ಎಂಬ ವಾದವನ್ನು ನಾನು ಒಪ್ಪುತ್ತೇನೆ, ಹೊಳಪಿನ ಕಾರಣವನ್ನು ಅದು ಬಿಡಿಸಿ ಹೇಳುವುದಾದರೆ. ಪ್ರಯೋಗಾಲಯದ ದೊಡ್ಡ ಯಂತ್ರಗಳು ಹೆಚ್ಚು ನಿಖರ ಎಂಬುದೂ ಸರಿ. ಆದರೆ ಅವು ಪ್ರತಿ ಹಳ್ಳಿಗೂ ಬರಲಾರವು. ಹಾಗಾಗಿ ಅನುದಾನಕ್ಕೆ ಮೂರು ಷರತ್ತು ಇರಲಿ: ಬೇರೆ ಬೇರೆ ಕೊಯ್ಲಿನ ಕಚ್ಚಾವಸ್ತುವಿನಿಂದ ಒಂದೇ ಫಲಿತಾಂಶ ಬರಬೇಕು, ಇನ್ನೊಂದು ಪ್ರಯೋಗಾಲಯ ಅದನ್ನು ದೃಢಪಡಿಸಬೇಕು, ನಿಜವಾದ ಬಾವಿನೀರಿನಲ್ಲಿ ಮಾನ್ಯ ವಿಧಾನದೊಂದಿಗೆ ಅದು ತಾಳೆಯಾಗಬೇಕು. ಈ ಮೂರನ್ನೂ ದಾಟಿದ ಒಂದೇ ಒಂದು ಪರೀಕ್ಷಾ ಪಟ್ಟಿ, ನೂರು ಸಿಪ್ಪೆಗಳ ನೂರು ಪ್ರಬಂಧಗಳಿಗಿಂತ ಜನರಿಗೆ ಹೆಚ್ಚು ಉಪಕಾರಿ.