ಗದ್ದೆಯಿಲ್ಲದ ಊರಿನಲ್ಲಿ ಭೂಮಿ ಹುಣ್ಣಿಮೆ

ಆಶ್ವಯುಜ ಮಾಸದ ಹುಣ್ಣಿಮೆ ಸಮೀಪಿಸುತ್ತಿದ್ದಂತೆ ಸಾಗರ, ಸೊರಬ, ಹೊಸನಗರ ಸೀಮೆಯ ಮನೆಗಳಲ್ಲಿ ಭೂಮಣ್ಣಿ ಬುಟ್ಟಿಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಪುಂಡಿನಾರಿನ ಕುಂಚ ಹಿಡಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ದೀವರ ಹೆಣ್ಣುಮಕ್ಕಳು ಎಳೆಯುವ ಗೆರೆಗಳು ‘ಚಿತ್ತಾರ’ವೆಂಬ ಹೆಸರಿನಿಂದ ದೂರದೂರಿನವರಿಗೂ ಪರಿಚಿತ. ಭತ್ತ ಹೊಡೆಯಾಗುವ ಹೊತ್ತು ಅದು. ತೆನೆಯನ್ನು ಒಡಲಲ್ಲಿ ಹೊತ್ತ ಭೂಮಿಗೆ ಬಸುರಿಯ ಬಯಕೆ ತೀರಿಸುವುದೇ ಹಬ್ಬದ ತಿರುಳು. ರಾತ್ರಿಯೆಲ್ಲ ಅಡಿಗೆ, ಬೆಳಗು ಹರಿಯುವ ಮುನ್ನ ಬುಟ್ಟಿ ಹೊತ್ತು ಗದ್ದೆಗೆ ನಡಿಗೆ. ಪೂಜೆಯ ತರುವಾಯ ಬೆರಕೆ ಸೊಪ್ಪು ಬೆರೆತ ಚರಗವನ್ನು ಪೈರಿಗೆ ಬೀರುತ್ತಾರೆ. ಕಾಗೆಗೂ ಇಲಿಗೂ ಎಡೆಯುಂಟು. ಬೆಳೆ ತಿನ್ನುವ ಇಲಿಯನ್ನೂ ಊಟಕ್ಕೆ ಕರೆಯುವ ಔದಾರ್ಯ ಯಾವ ಕೃಷಿ ಕೈಪಿಡಿಯಲ್ಲಿಯೂ ಸಿಗಲಾರದು.

ಇಲ್ಲಿಂದ ಮುಂದೆ ಮಲೆನಾಡಿನಲ್ಲಿ ಹಬ್ಬಗಳ ಸರಣಿ. ದೀಪಾವಳಿಯ ರಾತ್ರಿಗಳಲ್ಲಿ ದೀಪ ಹಿಡಿದು ಮನೆಯಿಂದ ಮನೆಗೆ ಹಾಡುತ್ತ ಸಾಗುವ ಅಂಟಿಗೆ-ಪಂಟಿಗೆ, ತೀರ್ಥಹಳ್ಳಿಯ ತುಂಗಾ ತೀರದ ಎಳ್ಳಮಾವಾಸ್ಯೆ ಜಾತ್ರೆ, ಕೊಡಗಿನಲ್ಲಿ ಹುಣ್ಣಿಮೆಯ ರಾತ್ರಿ ಹೊಸ ತೆನೆ ಕೊಯ್ಯುವ ಹುತ್ತರಿ. ಈಚಿನ ವರ್ಷಗಳಲ್ಲಿ ಇವುಗಳಲ್ಲಿ ಕೆಲವು ಉತ್ಸವಗಳ ವೇದಿಕೆಯನ್ನೂ ಏರಿವೆ. ಕಲಾವಿದರಿಗೆ ನಾಲ್ಕು ಕಾಸು, ನಾಲ್ಕು ಜನರ ಮನ್ನಣೆ ದೊರೆತರೆ ಯಾರೂ ಆಕ್ಷೇಪಿಸಬೇಕಿಲ್ಲ. ಆದರೆ ವೇದಿಕೆಯ ಮೇಲೆ ಭೂಮಣ್ಣಿ ಬುಟ್ಟಿ ಬರುತ್ತದೆ, ಗದ್ದೆ ಬರುವುದಿಲ್ಲ.

ಆ ಗದ್ದೆಯಾದರೂ ಸುಲಭವಾಗಿ ಸಿಕ್ಕಿದ್ದಲ್ಲ. ಉಳುವವನು ಬುಟ್ಟಿ ಹೊತ್ತು ಹೋಗುತ್ತಿದ್ದುದು ಬಹುಕಾಲ ಒಡೆಯನ ಭೂಮಿಗೆ. ಗೇಣಿ ಅಳೆಯುವ ಕೊಳಗದ ಅನ್ಯಾಯದ ವಿರುದ್ಧ 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದುನಿಂತರು. 1974ರ ಭೂಸುಧಾರಣೆಯ ನಂತರವಷ್ಟೇ ಹಲವು ಕುಟುಂಬಗಳು ತಮ್ಮದೇ ಗದ್ದೆಯಲ್ಲಿ ಎಡೆಯಿಟ್ಟವು. ಈ ನಡುವೆ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಶರಾವತಿ ಕಣಿವೆಯ ಊರುಗಳೂ ಗದ್ದೆಗಳೂ ಮುಳುಗಿದವು. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದು 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾದಾಗ, ಕಾಗೋಡಿನ ಮೊಮ್ಮಕ್ಕಳ ಕಾಲಕ್ಕೆ ಚಕ್ರವೊಂದು ಹಿಂದಕ್ಕೆ ತಿರುಗಿದಂತಾಯಿತು.

ಮುಳುಗದೆ ಉಳಿದ ಗದ್ದೆಗಳು ಈಗ ಬೇರೆ ಬಗೆಯಲ್ಲಿ ಕರಗುತ್ತಿವೆ. ಕೆಲವು ಅಡಿಕೆ ತೋಟವಾಗುತ್ತಿವೆ, ಕೆಲವು ಶುಂಠಿಗೆ ಗುತ್ತಿಗೆ ಹೋಗುತ್ತಿವೆ. ಇದಕ್ಕಾಗಿ ರೈತನನ್ನು ದೂರುವುದು ನ್ಯಾಯವಲ್ಲ. ಭತ್ತದ ಬೆಲೆ ಕೂಲಿಗೂ ಸಾಲದು. ಕಟಾವಿನ ಹೊತ್ತಿಗೆ ಆಳು ಸಿಗದು. ಉಳಿದದ್ದಕ್ಕೆ ಹಂದಿ, ಮಂಗಗಳ ಪಾಲುದಾರಿಕೆ. ತೋಟದಲ್ಲಿಯೂ ಭೂಮಿ ಪೂಜೆ ನಡೆಯುತ್ತದೆ, ಅದು ಹೊಸತಲ್ಲ ಎಂಬ ಮಾತೂ ನಿಜವೇ. ಆದರೆ ಮಳೆಗಾಲದ ನೀರನ್ನು ತಿಂಗಳುಗಟ್ಟಲೆ ಮಡಿಲಲ್ಲಿಟ್ಟು ಕೆಳಗಿನ ಬಾವಿಗೆ ಇಳಿಸುವ, ಕಪ್ಪೆ, ಏಡಿ, ಮೀನುಮರಿಗಳಿಗೆ ಮನೆಯಾಗುವ ಕೆಲಸವನ್ನು ಗದ್ದೆಯಂತೆ ಮಾಡಲು ಬಸಿಗಾಲುವೆ ತೋಡಿದ ತೋಟಕ್ಕಾಗಲಿ ಶುಂಠಿಯ ಏರುಮಡಿಗಾಗಲಿ ಸಾಧ್ಯವಿಲ್ಲ.

ಬೆರಕೆ ಸೊಪ್ಪಿನ ಪಾಡು ಇನ್ನೂ ಮೌನವಾದದ್ದು. ಒಂದೆಲಗ, ಹೊನಗೊನೆ, ಕೆಸು, ಅಣ್ಣೆ ಮೊದಲಾಗಿ ಬದುವಿನಲ್ಲಿ, ಹಳ್ಳದ ಅಂಚಿನಲ್ಲಿ, ಬೇಲಿಯ ಬುಡದಲ್ಲಿ ಕೈಗೆ ಸಿಕ್ಕ ಕುಡಿಗಳೆಲ್ಲ ಆ ರಾತ್ರಿ ಒಂದೇ ಗಡಿಗೆಗೆ ಬೀಳಬೇಕು. ಬಿತ್ತದೆ ಬೆಳೆಯುವ ಈ ಗಿಡಗಳ ಗುರುತು ಇರುವುದು ಹಿರಿಯ ಹೆಂಗಸರ ಕಣ್ಣಿನಲ್ಲಿ. ಬದುವಿಗೆ ಕಳೆನಾಶಕ ಹೊಡೆದಲ್ಲಿ ಹಬ್ಬದ ಸೊಪ್ಪೂ ಕಳೆಯೆಂದೇ ಸಾಯುತ್ತದೆ.

ಗದ್ದೆ ಉಳಿಸಿಕೊಂಡವನಿಗೆ ನೆರವು ನೀಡುವ ಮಾತು ಉತ್ಸವದ ಭಾಷಣಗಳಲ್ಲಿ ಕೇಳಿಬರುವುದು ಅಪರೂಪ. ಕೇಳುವ ಕೆಲಸ ಗ್ರಾಮಸಭೆಯದು. ಹುಣ್ಣಿಮೆಗೆ ಮುಂಚಿನ ತಿಂಗಳಾದರೂ ಬದುಗಳಿಗೆ ವಿಷ ಬೀಳದಂತೆ ಊರವರು ಕಟ್ಟು ಮಾಡಿಕೊಳ್ಳಲು ಯಾವ ಆದೇಶವೂ ಬೇಕಿಲ್ಲ. ಶಾಲಾ ಮಕ್ಕಳು ಅಜ್ಜಿಯರ ಹಿಂದೆ ಒಂದು ಬೆಳಗ್ಗೆ ಬದು ಸುತ್ತಿ, ಸೊಪ್ಪುಗಳ ಹೆಸರು ಬರೆದಿಟ್ಟುಕೊಳ್ಳಲೂಬಹುದು.

ಕೆಲವೆಡೆ ಹಬ್ಬದ ದಿನ ಗದ್ದೆಯಲ್ಲಿ ಒಂದು ಕಡುಬನ್ನು ಹೂತಿಟ್ಟು, ಕೊಯ್ಲಿನ ದಿನ ಅದನ್ನು ತೆಗೆಯುವ ರೂಢಿಯಿದೆ. ಈ ಸಲ ಹೂತದ್ದನ್ನು ತೆಗೆಯಲು ಎಷ್ಟು ಮನೆಯವರು ಕುಡುಗೋಲು ಹಿಡಿದು ಗದ್ದೆಗಿಳಿಯುತ್ತಾರೆ ಎಂಬುದು ಕೊಯ್ಲಿನ ಹೊತ್ತಿಗೆ ತಿಳಿಯುತ್ತದೆ.