ಪುಕ್ಕಟೆ ಸಿಕ್ಕಿತೆಂದು ಸುಮ್ಮನಿರಬೇಡಿ

ಹದಿನೈದಿಪ್ಪತ್ತು ವರ್ಷದ ಹಿಂದೆ ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡಿಸಿದ ಕನ್ನಡದ ಕಡತ ನಿಮ್ಮಲ್ಲಿದ್ದರೆ ಇವತ್ತು ಮೊಬೈಲಿನಲ್ಲಿ ತೆರೆದು ನೋಡಿ. ಹೆಚ್ಚಾಗಿ ಅಲ್ಲಿ ಕಾಣುವುದು ಕನ್ನಡವಲ್ಲ, ತಲೆಯ ಮೇಲೆ ಚುಕ್ಕೆ ಗೆರೆ ಹೊತ್ತ ರೋಮನ್ ಅಕ್ಷರಗಳ ಕಲಸುಮೇಲೋಗರ. ಅದು ಯಾರದೋ ಪಿಎಚ್.ಡಿ. ಪ್ರಬಂಧವಿರಬಹುದು, ಪಂಚಾಯಿತಿಯ ನಡಾವಳಿಯಿರಬಹುದು, ತೀರಿಹೋದ ಲೇಖಕರ ಅಚ್ಚಾಗದ ಕಾದಂಬರಿಯಿರಬಹುದು. ಬರೆದದ್ದೆಲ್ಲ ಅಲ್ಲೇ ಇದೆ, ಓದಲು ಮಾತ್ರ ಬರುವುದಿಲ್ಲ.

ಇದಕ್ಕಾಗಿ ಯಾರನ್ನೂ ಬೈಯಲು ಹೊರಟಿಲ್ಲ. 1998ರಲ್ಲಿ ಕನ್ನಡ ಟೈಪು ಮಾಡುವ ಬರಹ ಎಂಬ ತಂತ್ರಾಂಶ ಬಂದಾಗ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂದಾಗ ನಾವೆಲ್ಲ ಹಿಗ್ಗಿದೆವು. ಹಿಗ್ಗಬೇಕಾದ್ದೇ. ಎರಡನ್ನೂ ದುಡ್ಡಿಲ್ಲದೆ ಕೊಟ್ಟರು, ಸರ್ಕಾರಿ ಕಚೇರಿಗಳಲ್ಲಿ ನುಡಿ ತಳವೂರಿತು. ಆದರೆ ಅವುಗಳ ಸೋರ್ಸ್ ಕೋಡ್, ಅಂದರೆ ತಂತ್ರಾಂಶವನ್ನು ಬರೆದ ಮೂಲ ಸಾಲುಗಳು, ನಮ್ಮ ಕೈಗೆ ಬರಲಿಲ್ಲ, ಕೇಳಬೇಕೆಂದು ಹೆಚ್ಚಿನವರಿಗೆ ಅನ್ನಿಸಲೂ ಇಲ್ಲ. ಪುಕ್ಕಟೆ ಸಿಕ್ಕಿತಲ್ಲ, ಇನ್ನೇನು ಬೇಕು? ಮುಂದೆ ಬರಹ ದುಡ್ಡು ಕೇಳತೊಡಗಿತು. ಅದು ಮಾಡಿದವರ ಹಕ್ಕು, ತಕರಾರಿಲ್ಲ. ನನ್ನ ತಕರಾರು ನಮ್ಮ ಮೇಲೆಯೇ. ಬೆಲೆ ಸೊನ್ನೆ ಎಂಬುದು ಕೊಡುವವರ ಔದಾರ್ಯ. ಅದನ್ನೇ ನಾವು ನಮ್ಮ ಹಕ್ಕು ಎಂದುಕೊಂಡೆವು.

ಕಡತಗಳ ತೊಡಕಿಗೆ, ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಆ ಕಾಲದ ಫಾಂಟ್ ಪದ್ಧತಿಯೇ ಮೂಲ, ನಿಜ. ಆದರೆ ಕೋಡ್ ಕೈಯಲ್ಲಿಲ್ಲದ್ದರಿಂದ ಆ ಗಂಟು ಬಿಚ್ಚುವ ಹೊತ್ತಿಗೆ ಯಾವ ಚಿಹ್ನೆ ಯಾವ ಅಕ್ಷರದ ತುಂಡು ಎಂದು ಒಂದೊಂದಾಗಿ ಹುಡುಕಿ ಹೊಂದಿಸಬೇಕಾಯಿತು. ಹಾಗೆ ಹೊಂದಿಸಿ, ಎಲ್ಲ ಯಂತ್ರಗಳೂ ಓದುವ ಯೂನಿಕೋಡ್‌ಗೆ ದಾಟಿಸುವ ಪರಿವರ್ತಕ ಬರೆದು, ಸೋರ್ಸ್ ಕೋಡ್ ಸಮೇತ ಲೋಕಕ್ಕೆ ಬಿಟ್ಟವರು ಸಂಬಳವಿಲ್ಲದೆ ರಾತ್ರಿ ಕೂತು ಕೆಲಸ ಮಾಡಿದ ನಮ್ಮದೇ ಕೆಲವು ಹುಡುಗರು. ಗುಬ್ಬಿ, ನವಿಲು ಎಂಬ ಫಾಂಟುಗಳು ಬಂದದ್ದೂ ಅಂಥದೇ ದುಡಿಮೆಯಿಂದ. ಯಾರು ಬೇಕಾದರೂ ಅವನ್ನು ತಿದ್ದಬಹುದು, ಹಂಚಬಹುದು. ನಾನು ಹೇಳಬೇಕೆಂದಿರುವ ಸ್ವಾತಂತ್ರ್ಯ ಇದೇ.

ಈ ಸ್ವಾತಂತ್ರ್ಯದ ಜಗಳ ಶುರುವಾದದ್ದು ಒಂದು ಪ್ರಿಂಟರಿನಿಂದ. 1980ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರ್ ಬಂತು. ಕಾಗದ ಆಗಾಗ ಸಿಕ್ಕಿಹಾಕಿಕೊಳ್ಳುತ್ತಿತ್ತು. ಹಳೆಯ ಪ್ರಿಂಟರಿಗೆ ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್, ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸುದ್ದಿ ಮುಟ್ಟುವ ಹಾಗೆ ತಂತ್ರಾಂಶವನ್ನೇ ತಿದ್ದಿದ್ದರು. ಹೊಸದಕ್ಕೂ ಹಾಗೇ ಮಾಡೋಣವೆಂದರೆ ಸೋರ್ಸ್ ಕೋಡ್ ಇಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರ ಬಳಿ ಇದೆಯೆಂದು ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎಂದು ಅವರು ಕೈಚೆಲ್ಲಿದರು. ನೆರೆಯವನಿಗೆ ನೆರವಾಗುವುದಿಲ್ಲ ಎಂದು ಮುಂಗಡವಾಗಿ ಸಹಿ ಹಾಕಿಕೊಡುವುದು! ಸ್ಟಾಲ್‌ಮನ್‌ಗೆ ತಾಂತ್ರಿಕ ಅಡಚಣೆಗಿಂತ ಹೆಚ್ಚು ಚುಚ್ಚಿದ್ದು ಇದು. 1983ರಲ್ಲಿ ಗ್ನೂ ಎಂಬ ಸ್ವತಂತ್ರ ತಂತ್ರಾಂಶದ ಯೋಜನೆ ಸಾರಿದರು, 1985ರಲ್ಲಿ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನ ಕಟ್ಟಿದರು. ಬೇಕಾದ ಕೆಲಸಕ್ಕೆ ಓಡಿಸುವುದು, ಒಳಗೇನಿದೆ ಎಂದು ನೋಡಿ ತಿದ್ದುವುದು, ಇನ್ನೊಬ್ಬರಿಗೆ ಕೊಡುವುದು, ತಿದ್ದಿದ್ದನ್ನೂ ಹಂಚುವುದು, ಈ ನಾಲ್ಕೂ ಬಳಸುವವರ ಹಕ್ಕು ಎಂದರು. ಮಾರಬೇಡಿ ಎನ್ನಲಿಲ್ಲ. ತಮ್ಮ ಇಮ್ಯಾಕ್ಸ್ ತಂತ್ರಾಂಶದ ಟೇಪನ್ನು ಅವರೇ 150 ಡಾಲರಿಗೆ ಮಾರುತ್ತಿದ್ದರು.

ಹಾಗಾದರೆ ಇಂದು ಹೆಚ್ಚಾಗಿ ಕೇಳುವ ಓಪನ್ ಸೋರ್ಸ್ ಎಂಬ ಮಾತು ಎಲ್ಲಿಂದ ಬಂತು? 1998ರ ಫೆಬ್ರುವರಿಯಲ್ಲಿ, ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಕೆಲವರು ಸೇರಿದರು. ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿನ ಕೋಡ್ ಬಿಡುವುದಾಗಿ ಆಗತಾನೆ ಹೇಳಿತ್ತು. ಸ್ವಾತಂತ್ರ್ಯ, ನೀತಿ ಎಂದರೆ ಕಂಪನಿಗಳು ಹಿಂಜರಿಯುತ್ತವೆ, ಬೇರೆ ಹೆಸರಿಡೋಣ ಎಂದಾಯಿತು. ಕ್ರಿಸ್ಟೀನ್ ಪೀಟರ್ಸನ್ ಸೂಚಿಸಿದ ಓಪನ್ ಸೋರ್ಸ್ ಎಂಬ ಹೆಸರು ನಿಂತಿತು. ಪರವಾನಗಿಗಳು ಬಹುಮಟ್ಟಿಗೆ ಅವೇ, ಕೋಡೂ ಅದೇ. ಬದಲಾದದ್ದು ವಾದ. ಕೋಡ್ ತೆರೆದಿಟ್ಟರೆ ಹತ್ತಾರು ಜನ ನೋಡುತ್ತಾರೆ, ದೋಷ ಬೇಗ ಸಿಗುತ್ತದೆ, ಖರ್ಚು ಉಳಿಯುತ್ತದೆ. ಒಪ್ಪೋಣ. ಆದರೆ ಮುಚ್ಚಿಟ್ಟ ತಂತ್ರಾಂಶವೇ ಹೆಚ್ಚು ಚುರುಕಾದ ದಿನ ಈ ವಾದಕ್ಕೆ ಬಾಯಿಲ್ಲ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಒಡಲಲ್ಲಿ ಲಿನಕ್ಸ್ ಎಂಬ ತೆರೆದ ತಂತ್ರಾಂಶ ಇದೆ. ಆದರೂ ಕಂಪನಿ ತುರುಕಿ ಕಳಿಸಿದ ಆ್ಯಪನ್ನು ಅಳಿಸಲು ಹೋದರೆ ಎಷ್ಟೋ ಸಲ ಫೋನು ಒಪ್ಪುವುದಿಲ್ಲ. ಕೋಡ್ ತೆರೆದಿದೆ, ನಿಮ್ಮ ಕೈ ಕಟ್ಟಿದೆ.

ಇದೇ ಹಕ್ಕಿನ ಪ್ರಶ್ನೆ ಹೊಲದಲ್ಲೂ ಎದ್ದಿತ್ತು. ಅದೇ 1998ರ ಕೊನೆಯಲ್ಲಿ ನಮ್ಮ ರಾಯಚೂರಿನ ಕಡೆ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಬೀಜ ಕಂಪನಿಯ ಕುಲಾಂತರಿ ಬಿಟಿ ಹತ್ತಿಯ ಪ್ರಯೋಗದ ಬೆಳೆಗೆ ಬೆಂಕಿ ಇಟ್ಟಿತು. ಸುಟ್ಟದ್ದು ಸರಿಯೋ ತಪ್ಪೋ ಬೇರೆ ಮಾತು. ಬಿತ್ತಿದ ಬೀಜವನ್ನು ಎತ್ತಿಡುವ, ಮತ್ತೆ ಬಿತ್ತುವ, ಪಕ್ಕದ ಹೊಲದವನಿಗೆ ಕೊಡುವ, ಒಳ್ಳೆಯ ತೆನೆ ಆರಿಸಿ ತಳಿ ಸುಧಾರಿಸುವ ಹಕ್ಕು ಯಾರದು ಎಂದು ಆ ರೈತರು ಕೇಳುತ್ತಿದ್ದರು. ಮೊದಲ ವರ್ಷ ಬೀಜ ಪುಕ್ಕಟೆ ಕೊಡುತ್ತೇವೆ ಎಂದಿದ್ದರೆ ಅವರು ಸುಮ್ಮನಾಗುತ್ತಿದ್ದರೇ? ಹೊಲದಲ್ಲಿ ನಿಂತವರಿಗೆ ಹೊಳೆದದ್ದು ಕಂಪ್ಯೂಟರಿನ ಮುಂದೆ ಕೂತ ನಮಗೆ ಇನ್ನೂ ಹೊಳೆದಿಲ್ಲ.

ಇದೆಲ್ಲ ಕೋಡ್ ಬರೆಯುವವರ ಒಳಜಗಳ ಎನ್ನುವವರು ಬ್ರಿಟನ್ನಿನ ಅಂಚೆ ಕಚೇರಿಗಳ ಕಥೆ ಕೇಳಬೇಕು. 1999ರಿಂದ ಅಲ್ಲಿ ಹೊರೈಜನ್ ಎಂಬ ಲೆಕ್ಕದ ತಂತ್ರಾಂಶ ಬಂತು. ಊರೂರಿನ ಸಣ್ಣ ಅಂಚೆ ಕಚೇರಿ ನಡೆಸುವವರ ಲೆಕ್ಕದಲ್ಲಿ ಇದ್ದಕ್ಕಿದ್ದಂತೆ ಸಾವಿರಾರು ಪೌಂಡ್ ಕಡಿಮೆ ತೋರಿಸತೊಡಗಿತು. ಕದ್ದಿಲ್ಲವೆಂದು ಅವರು ಗೋಗರೆದರು. ಕಂಪ್ಯೂಟರ್ ಸರಿಯಾಗೇ ಇದೆ, ಬೇರೆ ಯಾರಿಗೂ ಈ ತೊಂದರೆ ಇಲ್ಲ ಎಂಬ ಉತ್ತರ ಬಂತು. ಕಂಪ್ಯೂಟರ್ ಸರಿಯಾಗಿದೆ ಎಂದೇ ಭಾವಿಸಿ ಹೊರಡಬೇಕೆಂಬುದು ಅಲ್ಲಿನ ನ್ಯಾಯಾಲಯಗಳ ಪದ್ಧತಿಯೂ ಆಗಿತ್ತು. 900ಕ್ಕೂ ಹೆಚ್ಚು ಜನ ಅಪರಾಧಿಗಳಾದರು. ಮನೆ ಮಾರಿದರು, ಜೈಲಿಗೆ ಹೋದರು, ಕೆಲವರು ಜೀವ ಕಳೆದುಕೊಂಡರು. ಜೈಲಿಗೆ ಹೋದವರಲ್ಲಿ ಭಾರತೀಯ ಮೂಲದ ಒಬ್ಬ ಗರ್ಭಿಣಿಯೂ ಇದ್ದಳು. ದೋಷ ತಂತ್ರಾಂಶದ್ದೇ ಎಂದು ಹೈಕೋರ್ಟ್ ಹೇಳಿದ್ದು 2019ರಲ್ಲಿ. ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡಲು 2024ರಲ್ಲಿ ಪಾರ್ಲಿಮೆಂಟು ಕಾಯಿದೆಯನ್ನೇ ತರಬೇಕಾಯಿತು. ಸೋರ್ಸ್ ಕೋಡ್ ತೆರೆದಿದ್ದರೆ ಇದೆಲ್ಲ ತಪ್ಪುತ್ತಿತ್ತು ಎಂದು ನಾನು ಆಣೆ ಮಾಡುವುದಿಲ್ಲ. ಆದರೆ ತಮ್ಮನ್ನು ಕಳ್ಳರೆಂದ ಯಂತ್ರದೊಳಗೆ ಏನಿದೆ ಎಂದು ತಿಳಿದವರಿಂದ ನೋಡಿಸುವ ಹಕ್ಕು ಅವರಿಗಿರಲಿಲ್ಲ ಎಂಬುದನ್ನು ಮರೆಯಲಾರೆ.

ನಮ್ಮಲ್ಲಿ? ಪಹಣಿ ಬರುವುದು ಭೂಮಿ ತಂತ್ರಾಂಶದಿಂದ. ಪಡಿತರದ ಅಕ್ಕಿ ಸಿಗುವುದು ಅಂಗಡಿಯ ಯಂತ್ರ ಬೆರಳಚ್ಚನ್ನು ಒಪ್ಪಿದರೆ. ಗಾರೆ ಕೆಲಸ ಮಾಡಿ ಬೆರಳು ಸವೆದ ಅಜ್ಜಿಗೆ ಯಂತ್ರ ಇಲ್ಲವೆಂದರೆ ಅವಳು ಯಾರ ಹತ್ತಿರ ವಾದಿಸಬೇಕು? ಇ-ಆಡಳಿತದಲ್ಲಿ ಓಪನ್ ಸೋರ್ಸ್‌ಗೆ ಆದ್ಯತೆ ಎಂದು ಕೇಂದ್ರ ಸರ್ಕಾರ 2015ರಲ್ಲೇ ನೀತಿ ಪ್ರಕಟಿಸಿದೆ. ಸಂತೋಷ. ಆದರೆ ಸರ್ಕಾರ ತನಗಾಗಿ ತೆರೆದ ಕೋಡ್ ಬಳಸುವುದು ಒಂದು, ಪ್ರಜೆಯನ್ನು ಅಳೆಯುವ ಕೋಡನ್ನು ಪ್ರಜೆಗೆ ತೆರೆದಿಡುವುದು ಇನ್ನೊಂದು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳು ವರ್ಷಗಳಿಂದ ಗ್ನೂ/ಲಿನಕ್ಸ್ ಮೇಲೆ ನಡೆಯುತ್ತಿವೆ. ಲೋಕದ ಸಾಫ್ಟ್‌ವೇರ್ ರಾಜಧಾನಿ ಎಂದು ಎದೆ ತಟ್ಟಿಕೊಳ್ಳುವ ಬೆಂಗಳೂರಿನ ರಾಜ್ಯಕ್ಕೆ ಇದು ನಾಚಿಕೆಯ ಸಂಗತಿ.

ಇಂಜಿನಿಯರ್ ಗೆಳೆಯರೇ, ನಿಮ್ಮ ಸಂಬಳದ ಅರ್ಧ ಇಂಥ ಹಂಚಿಕೊಂಡ ಕೋಡಿನ ಮೇಲೆ ನಿಂತಿದೆ. ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಕನ್ನಡದ ಒತ್ತಕ್ಷರಗಳನ್ನು ಜೋಡಿಸುವುದು ಹಾರ್ಫ್‌ಬಜ್ ಎಂಬ ಸ್ವತಂತ್ರ ತಂತ್ರಾಂಶ. ಎಲ್ಲಾದರೂ ಒತ್ತು ತಪ್ಪಿ ಬಿದ್ದರೆ ನಕ್ಕು ಮುಂದೆ ಹೋಗಬೇಡಿ, ದೋಷ ವರದಿ ಮಾಡಿ, ಕೈಲಾದರೆ ತಿದ್ದಿ ಕಳಿಸಿ. ಪ್ರಕಾಶಕರೇ, ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಈಗಲೇ ದಾಟಿಸಿ. ಮೇಷ್ಟ್ರುಗಳೇ, ಕಳ್ಳ ಕಾಪಿ ಹಾಕಿಕೊಡುವ ಬದಲು ಮಕ್ಕಳು ಬಿಚ್ಚಿ ನೋಡಬಹುದಾದ ತಂತ್ರಾಂಶ ಕೊಡಿ.

ಉಳಿದವರು ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿ. ನಮ್ಮ ತೆರಿಗೆ ದುಡ್ಡಿನಲ್ಲಿ ಮಾಡಿಸಿದ ಪಹಣಿ, ಪಡಿತರದ ತಂತ್ರಾಂಶಗಳ ಸೋರ್ಸ್ ಕೋಡ್ ಯಾರ ಹತ್ತಿರ ಇದೆ, ಅದರ ಹಕ್ಕು ಯಾರ ಹೆಸರಿನಲ್ಲಿದೆ ಎಂದು ಕೇಳಿ. ಬಂದ ಉತ್ತರವನ್ನು ಊರಿಗೆಲ್ಲ ಓದಿ ಹೇಳಿ.